ಸುಣ್ಣದ ಉಂಡೆಯೊಳಗೆ ಗಾಳಿ ಎಷ್ಟು ದೂರ ಹೋಯಿತು? – ಹತ್ತನೇ ತರಗತಿಯ ಒಂದು ಪಾಠ, ಅದರ ತಿದ್ದುಪಡಿ

ಬೋಧನಾಭ್ಯಾಸಕ್ಕೆಂದು ನಮ್ಮ ತಂಡವನ್ನು ದೊಡ್ಡಬಳ್ಳಾಪುರ ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆಗೆ ಕಳಿಸಿದಾಗ ಹತ್ತನೇ ತರಗತಿಯಲ್ಲಿ ವಿಜ್ಞಾನದ ಮೊದಲ ಅಧ್ಯಾಯ ‘ರಾಸಾಯನಿಕ ಕ್ರಿಯೆಗಳು ಮತ್ತು ಸಮೀಕರಣಗಳು’ ನಡೆಯುತ್ತಿತ್ತು. ನನ್ನ ಪಾಲಿಗೆ ಬಂದ ಕಲಿಕಾಂಶ ಸಂಯೋಗ ಕ್ರಿಯೆ. ಸುಟ್ಟಸುಣ್ಣಕ್ಕೆ ನೀರು ಸೇರಿದರೆ ಅರಳಿದ ಸುಣ್ಣವಾಗುತ್ತದೆ. ಅದನ್ನು ಗೋಡೆಗೆ ಬಳಿದರೆ ಗಾಳಿಯ ಕಾರ್ಬನ್ ಡೈಆಕ್ಸೈಡ್ ಜೊತೆ ನಿಧಾನವಾಗಿ ವರ್ತಿಸಿ ಎರಡು ಮೂರು ದಿನಗಳಲ್ಲಿ ಕ್ಯಾಲ್ಸಿಯಂ ಕಾರ್ಬೋನೇಟ್‌ನ ತೆಳು ಪದರವಾಗುತ್ತದೆ. ಪಠ್ಯಪುಸ್ತಕದಲ್ಲಿ ಇದಕ್ಕಿರುವುದು ಕೆಲವೇ ಸಾಲು. ಅಮೃತಶಿಲೆಯ ಸೂತ್ರವೂ ಇದೇ ಎಂಬ ಮಾತು ಅದರಲ್ಲೇ ಸೇರಿದೆ. ಹೆಚ್ಚಿನ ತರಗತಿಗಳಲ್ಲಿ ಇದು ಸಮೀಕರಣ ಬರೆಸಿ ಮುಗಿಸುವ ವಿಷಯ.

ನಾನೂ ಮೊದಲ ದಿನ ಹಾಗೆಯೇ ಮುಗಿಸಿದೆ. ಮುಗಿಸುವಾಗ ಪಾಠ ಯೋಜನೆಯ ‘ಮೌಲ್ಯ’ ಎಂಬ ಅಂಕಣ ಖಾಲಿ ಉಳಿಯಬಾರದೆಂದು ಒಂದು ಮಾತು ಸೇರಿಸಿದೆ. “ನೋಡಿ, ಮನೆಗೆ ಸುಣ್ಣ ಬಳಿದಾಗಲೆಲ್ಲ ಗಾಳಿಯಲ್ಲಿರುವ ಕಾರ್ಬನ್ ಡೈಆಕ್ಸೈಡ್ ಕಲ್ಲಾಗಿ ಗೋಡೆಯಲ್ಲಿ ಕೂರುತ್ತದೆ. ಅಷ್ಟರಮಟ್ಟಿಗೆ ಭೂಮಿಯ ಬಿಸಿ ಕಡಿಮೆ ಮಾಡಿದ ಹಾಗೆ.” ಮಕ್ಕಳಿಗೆ ಮಾತು ಹಿಡಿಸಿತು. ಮರುವಾರ ನಾಲ್ವರು ಹುಡುಗಿಯರು ಶಾಲೆಯ ವಿಜ್ಞಾನ ವಸ್ತುಪ್ರದರ್ಶನಕ್ಕೆಂದು ‘ಸುಣ್ಣ ಬಳಿಯಿರಿ, ಭೂಮಿ ಉಳಿಸಿ’ ಎಂದು ದೊಡ್ಡಕ್ಷರದಲ್ಲಿ ಬರೆದ ಚಾರ್ಟ್ ತಂದು ತೋರಿಸಿದರು. ನಾನು ಚೆನ್ನಾಗಿದೆ ಎಂದೆ. ಆ ಚಾರ್ಟ್ ಆಮೇಲೆ ಏನಾಯಿತು ಎನ್ನುವುದೇ ಈ ಲೇಖನದ ಮುಖ್ಯ ಭಾಗ. ಅದಕ್ಕೆ ಮುಂಚೆ ಪ್ರಯೋಗದ ವಿಷಯ ಹೇಳಬೇಕು, ಏಕೆಂದರೆ ಪ್ರಯೋಗವಿಲ್ಲದಿದ್ದರೆ ನನ್ನ ತಪ್ಪು ನನಗೇ ಗೊತ್ತಾಗುತ್ತಿರಲಿಲ್ಲ.

ಎಲೆಅಡಿಕೆ ಡಬ್ಬಿಯಿಂದ ಆರಂಭ

ಪೂರ್ವಜ್ಞಾನ ಪರೀಕ್ಷೆಗೆ ಸುಣ್ಣದ ತಿಳಿನೀರಿಗೆ ಊದುವ ಚಟುವಟಿಕೆ ಎಲ್ಲರಿಗೂ ಗೊತ್ತಿರುವುದೇ. ಬಾಯಿಂದ ಊದಿದರೆ ಹಾಲಿನಂತೆ ಬೆಳ್ಳಗಾಗುತ್ತದೆ ಎಂದು ಇಡೀ ತರಗತಿ ಒಂದೇ ದನಿಯಲ್ಲಿ ಹೇಳಿತು. ಆ ಬಿಳುಪು ಏನು ಎಂದು ಕೇಳಿದಾಗ “ಹೊಗೆ”, “ಸುಣ್ಣ ಕದಡಿದ್ದು”, “ಗಾಳಿ” ಎಂಬ ಉತ್ತರಗಳು ಬಂದವು. ಅದು ಘನವಸ್ತು, ಪುಡಿಕಲ್ಲು ಎಂದು ಯಾರೂ ಹೇಳಲಿಲ್ಲ.

ಆಗ ಒಬ್ಬ ಹುಡುಗಿ ತನ್ನ ಅಜ್ಜಿಯ ಎಲೆಅಡಿಕೆ ಡಬ್ಬಿಯ ಮಾತೆತ್ತಿದಳು. ಮುಚ್ಚಳ ತೆರೆದಿಟ್ಟರೆ ಸುಣ್ಣದ ಮೇಲೆ ಚಕ್ಕೆ ಕಟ್ಟುತ್ತದಂತೆ, ಆ ಚಕ್ಕೆಗೆ ಬಾಯಲ್ಲಿ ಖಾರವಿಲ್ಲವಂತೆ. ಅಜ್ಜಿ ಮೇಲೆ ನಾಲ್ಕು ಹನಿ ನೀರು ಹಾಕಿಡುತ್ತಾರಂತೆ, ಆಗ ಕೆಡುವುದಿಲ್ಲವಂತೆ. ನನ್ನ ಪಾಠ ಯೋಜನೆಯ ಪೀಠಿಕೆಗಿಂತ ಇದೇ ಉತ್ತಮ ಪೀಠಿಕೆ ಎಂದು ಅಲ್ಲೇ ಅನ್ನಿಸಿತು. ಚಕ್ಕೆಯಾಗಿರುವುದು ಕ್ಯಾಲ್ಸಿಯಂ ಕಾರ್ಬೋನೇಟ್. ನೀರಿನ ಪದರ ಗಾಳಿಯನ್ನು ಸುಣ್ಣಕ್ಕೆ ತಲುಪದಂತೆ ತಡೆಯುತ್ತದೆ. ಹಿಂದೆ ಮನೆ ಕಟ್ಟುವವರು ಹೊಂಡದಲ್ಲಿ ಸುಣ್ಣವನ್ನು ನೀರಿನಡಿ ತಿಂಗಳುಗಟ್ಟಲೆ ಇಡುತ್ತಿದ್ದುದೂ ಇದೇ ಲೆಕ್ಕದ ಮೇಲೆ. ನಮ್ಮ ಕಡೆ ಇಂದಿಗೂ ಸಿಮೆಂಟಿನ ಕೆಲಸ ಮಾಡುವವರನ್ನು ಗಾರೆ ಕೆಲಸದವರು ಎನ್ನುತ್ತೇವೆ. ಗಾರೆ ಎಂದರೆ ಸುಣ್ಣ–ಮರಳು ಎಂಬುದು ತರಗತಿಯ ಅರ್ಧ ಮಕ್ಕಳಿಗೆ ಹೊಸ ವಿಷಯವಾಗಿತ್ತು.

ಗಾಳಿ ಗೋಡೆಯೊಳಗೆ ಹೋಗಲು ದಾರಿ ಬೇಕಲ್ಲ? ಅದಕ್ಕೆ ಒಂದು ಇಟ್ಟಿಗೆ ಚೂರು ಸಾಕಾಯಿತು. ಒಣಗಿದಾಗ 412 ಗ್ರಾಂ ಇದ್ದ ಚೂರನ್ನು ರಾತ್ರಿಯೆಲ್ಲ ನೀರಲ್ಲಿಟ್ಟು, ಮೇಲಿನ ನೀರು ಒರೆಸಿ ತೂಗಿದರೆ 478 ಗ್ರಾಂ. ಹೆಚ್ಚಿದ 66 ಗ್ರಾಂ ನೀರು ಇಟ್ಟಿಗೆಯೊಳಗೆ ಎಲ್ಲಿ ಕೂತಿತು? ಅಷ್ಟೇ ಮಿಲಿಲೀಟರ್ ಖಾಲಿ ಜಾಗ ಕಣ್ಣಿಗೆ ಕಾಣದ ರಂಧ್ರಗಳಾಗಿ ಅದರಲ್ಲಿತ್ತು. ಇಡ್ಲಿ ಸಾಂಬಾರು ಹೀರಿದ ಹಾಗೆ ಎಂದು ಹಿಂದಿನ ಬೆಂಚಿನಿಂದ ಬಂದ ಹೋಲಿಕೆಯನ್ನು ಕಪ್ಪುಹಲಗೆಯ ಮೇಲೆ ಬರೆದೆ. ಸುಣ್ಣದ ಗಾರೆಯ ರಂಧ್ರಗಳು ಇನ್ನೂ ಸಣ್ಣವು. ಹೆಚ್ಚಿನವು ಒಂದು ಮೈಕ್ರೋಮೀಟರ್‌ನ ಆಸುಪಾಸಿನವು ಅಥವಾ ಅದಕ್ಕಿಂತ ಕಿರಿದು, ಅಂದರೆ ತಲೆಗೂದಲಿನ ದಪ್ಪದ ಐವತ್ತು–ನೂರನೇ ಒಂದು ಭಾಗ.

ಹನ್ನೆರಡು ಉಂಡೆಗಳು

ಅಳತೆಯಲ್ಲಿ ಒಂದು ಪಾಲು ಅರಳಿದ ಸುಣ್ಣ, ಮೂರು ಪಾಲು ಮರಳು, ಉಂಡೆ ಕಟ್ಟುವಷ್ಟು ನೀರು. ನಿಂಬೆಹಣ್ಣಿನ ಗಾತ್ರದ ಹನ್ನೆರಡು ಉಂಡೆ ಮಾಡಿದೆವು. ಇಲ್ಲಿ ಸಹಪಾಠಿಗಳಿಗೆ ಒಂದು ಎಚ್ಚರಿಕೆ: ಸುಟ್ಟಸುಣ್ಣವನ್ನು ತರಗತಿಯಲ್ಲಿ ಅರಳಿಸಲು ಹೋಗಬೇಡಿ. ಅದು ಕುದಿದು ಸಿಡಿಯುತ್ತದೆ, ಕಣ್ಣಿಗೆ ಬಿದ್ದರೆ ಕಣ್ಣು ಹೋಗಬಹುದು. ಅರಳಿದ ಸುಣ್ಣವೂ ಕೈ ಸುಡುತ್ತದೆ. ನಾವು ಕೈಗೆ ಪ್ಲಾಸ್ಟಿಕ್ ಚೀಲ ಕಟ್ಟಿಕೊಂಡು ಕಲಸಿದೆವು, ಕಲಸಿದವಳು ನಾನೊಬ್ಬಳೇ. ಉಂಡೆ ಕಟ್ಟುವಾಗ ಮಕ್ಕಳಿಗೂ ಚೀಲ ಕೊಟ್ಟೆ.

ಎರಡು ದಿನ ನೆರಳಲ್ಲಿಟ್ಟು ಗಟ್ಟಿಯಾದ ಮೇಲೆ ಮೂರು ಗುಂಪು ಮಾಡಿದೆವು. ನಾಲ್ಕು ಉಂಡೆ ಬಿಸಿಲು ಬೀಳುವ ಕಿಟಕಿಯಲ್ಲಿ. ನಾಲ್ಕು ಉಂಡೆ ನೀರು ತುಂಬಿ ಮುಚ್ಚಳ ಹಾಕಿದ ಡಬ್ಬದಲ್ಲಿ. ಇನ್ನು ನಾಲ್ಕು ಮೆಟ್ಟಿಲ ಕೆಳಗೆ, ದಿನಕ್ಕೊಮ್ಮೆ ನೀರು ಚಿಮುಕಿಸುವ ಗೋಣಿಚೀಲದ ಅಡಿ. ಯಾವುದು ಬೇಗ ಕಲ್ಲಾಗುತ್ತದೆ ಎಂದು ಊಹೆ ಬರೆಸಿದೆ. ಬಹುತೇಕ ಎಲ್ಲರೂ ಬಿಸಿಲಿನದು ಎಂದರು. ಬಿಸಿಲಿಗೆ ಒಣಗುವುದೇ ಗಟ್ಟಿಯಾಗುವುದು ಎಂಬುದು ಅವರ ಕಲ್ಪನೆ. ನಾಲ್ಕು ವರ್ಷದ ಹಿಂದೆ ಕೇಳಿದ್ದರೆ ನಾನೂ ಹಾಗೇ ಹೇಳುತ್ತಿದ್ದೆನೇನೋ.

ಮೂರು ವಾರದ ಮೇಲೆ ಪ್ರತಿ ಗುಂಪಿನಿಂದ ಎರಡೆರಡು ಉಂಡೆ ಒಡೆದು, ಒಡೆದ ಮುಖದ ಮೇಲೆ ಫಿನಾಲ್ಫ್ತಲೀನ್ ಹನಿಸಿದೆವು. ಸುಣ್ಣ ಸುಣ್ಣವಾಗಿಯೇ ಉಳಿದ ಕಡೆ ಕಡು ಗುಲಾಬಿ. ಕಾರ್ಬೋನೇಟ್ ಆದ ಕಡೆ ಬಣ್ಣವಿಲ್ಲ. ನೀರಿನ ಡಬ್ಬದ ಉಂಡೆ ಅಂಚಿನವರೆಗೂ ಗುಲಾಬಿ. ಬಿಸಿಲಿನ ಉಂಡೆಯಲ್ಲಿ ಸುತ್ತ ಒಂದು ಮಿಲಿಮೀಟರ್‌ನಷ್ಟು ಬಿಳಿ ಅಂಚು. ಗೋಣಿಚೀಲದ ಅಡಿಯದರಲ್ಲಿ ಅಂಚು ಸ್ಪಷ್ಟವಾಗಿ ಮೂರು ಮಿಲಿಮೀಟರ್. ತರಗತಿ ಗಲಾಟೆ ಎದ್ದು ಪಕ್ಕದ ಕೊಠಡಿಯ ಶಿಕ್ಷಕರು ಬಂದು ನೋಡಿದರು, ಆಮೇಲೆ ಅವರೂ ನಿಂತು ನೋಡಿದರು.

ಕಾರಣವನ್ನು ಮಕ್ಕಳಿಂದಲೇ ಹೊರಡಿಸಲು ಒಂದು ಪೂರ್ತಿ ಅವಧಿ ಹಿಡಿಯಿತು, ಹಿಡಿಯಲಿ. ಕಾರ್ಬನ್ ಡೈಆಕ್ಸೈಡ್ ಒಣಸುಣ್ಣದ ಜೊತೆ ನೇರವಾಗಿ ವರ್ತಿಸುವುದಿಲ್ಲ ಎನ್ನುವಷ್ಟು ನಿಧಾನ. ರಂಧ್ರದ ಗೋಡೆಗೆ ಅಂಟಿಕೊಂಡ ತೆಳುವಾದ ನೀರಿನ ಪೊರೆ ಬೇಕು. ಅನಿಲ ಆ ನೀರಲ್ಲಿ ಕರಗಿ ಕಾರ್ಬೋನೇಟ್ ಅಯಾನಾಗುತ್ತದೆ, ಸುಣ್ಣವೂ ಆ ನೀರಲ್ಲಿ ಸ್ವಲ್ಪ ಕರಗಿ ಕ್ಯಾಲ್ಸಿಯಂ ಅಯಾನು ಕೊಡುತ್ತದೆ, ಎರಡೂ ಸೇರಿ ಹರಳಾಗಿ ರಂಧ್ರದೊಳಗೆ ಕೂರುತ್ತವೆ. ಬಿಸಿಲಿನ ಉಂಡೆಯಲ್ಲಿ ಆ ಪೊರೆಯೇ ಇರಲಿಲ್ಲ. ಡಬ್ಬದ ಉಂಡೆಯಲ್ಲಿ ರಂಧ್ರಗಳೆಲ್ಲ ನೀರು ತುಂಬಿದ್ದವು. ಅನಿಲ ನೀರಿನಲ್ಲಿ ಹರಡುವುದು ಗಾಳಿಯಲ್ಲಿ ಹರಡುವುದಕ್ಕಿಂತ ಸುಮಾರು ಹತ್ತು ಸಾವಿರ ಪಟ್ಟು ನಿಧಾನ. ನಡುವೆ ಗಾಳಿ, ಅಂಚಿಗೆ ನೀರು, ಎರಡೂ ಇದ್ದದ್ದು ಗೋಣಿಚೀಲದ ಅಡಿ ಮಾತ್ರ. ಅಷ್ಟಾದರೂ ಹೊರಗಾಳಿಯ ಹತ್ತು ಸಾವಿರ ಭಾಗದಲ್ಲಿ ಕಾರ್ಬನ್ ಡೈಆಕ್ಸೈಡ್ ಇರುವುದು ಸುಮಾರು ನಾಲ್ಕು ಭಾಗ, ಹಾಗಾಗಿ ಮೂರು ವಾರಕ್ಕೆ ಮೂರು ಮಿಲಿಮೀಟರ್.

ಇನ್ನೊಂದು ವಿಷಯ ಪಠ್ಯದಲ್ಲಿಲ್ಲ, ಆದರೆ ಕೇಳಿದರೆ ಉತ್ತರ ನಮ್ಮ ಬಳಿ ಇರಬೇಕು. ಅರಳಿದ ಸುಣ್ಣ ಕಾರ್ಬೋನೇಟ್ ಆದಾಗ ಅದು ಹಿಡಿಯುವ ಜಾಗ ಸುಮಾರು 11% ಹೆಚ್ಚುತ್ತದೆ. ಬೆಳೆದ ಹರಳು ರಂಧ್ರದ ಬಾಯನ್ನು ಕಿರಿದು ಮಾಡಿ, ಒಳಗೆ ಬರುವ ಅನಿಲಕ್ಕೆ ತಾನೇ ಅಡ್ಡ ನಿಲ್ಲುತ್ತದೆ. ಅನಿಲ ದಾಟಬೇಕಾದ ಅಂಚೂ ದಿನೇದಿನೇ ದಪ್ಪವಾಗುತ್ತದೆ. ಆದ್ದರಿಂದ ಎರಡರಷ್ಟು ಆಳ ಹೋಗಲು ನಾಲ್ಕರಷ್ಟು ಕಾಲ ಬೇಕು.

ಒಬ್ಬ ವಿದ್ಯಾರ್ಥಿ ಕೆಡವಿದ ತಮ್ಮ ಹಳೆಮನೆಯ ಗೋಡೆಯಿಂದ ಗಾರೆಯ ಹೆಂಟೆ ತಂದಿದ್ದ. ಅದನ್ನು ಒಡೆದು ಹನಿಸಿದರೆ ನಡುವಿನಲ್ಲೂ ಗುಲಾಬಿ ಬರಲಿಲ್ಲ. ದುರ್ಬಲ ಹೈಡ್ರೋಕ್ಲೋರಿಕ್ ಆಮ್ಲ ಹಾಕಿದರೆ ಗುಳ್ಳೆ ಭುಸ್ಸೆಂದು ಎದ್ದಿತು. ಅವನ ಮುತ್ತಾತನ ಕಾಲದ ಗಾಳಿ ಹೊರಗೆ ಬಂತು ಎಂದು ಅವನೇ ಹೇಳಿದ. ದೇವನಹಳ್ಳಿ ಕೋಟೆಯ ಬುರುಜುಗಳಲ್ಲಿರುವ ಇಟ್ಟಿಗೆ–ಗಾರೆಗೂ ಆಮ್ಲ ಹಾಕಿ ನೋಡೋಣ ಎಂಬ ಸಲಹೆಯೂ ಬಂತು. ಅದು ರಕ್ಷಿತ ಸ್ಮಾರಕ, ಹೋಗಿ ಕಣ್ಣಲ್ಲಿ ನೋಡಬಹುದೇ ಹೊರತು ಒಂದು ಹನಿ ಹಾಕುವಂತಿಲ್ಲ ಎಂದು ಖಡಾಖಂಡಿತ ಹೇಳಿದೆ.

ಫಿನಾಲ್ಫ್ತಲೀನ್ ಇಲ್ಲದ ಶಾಲೆಯಲ್ಲಿ ಅರಿಶಿನದ ನೀರು ಬಳಸಬಹುದು. ಆರತಿಗೆ ಅರಿಶಿನ, ಸುಣ್ಣ ಸೇರಿಸಿ ಕೆಂಪು ನೀರು ಮಾಡುವುದು ಎಲ್ಲ ಮನೆಗಳಲ್ಲೂ ಇದೆ. ನಾವು ಅದನ್ನೂ ಮಾಡಿ ನೋಡಿದೆವು. ಬಣ್ಣ ಬರುತ್ತದೆ, ಆದರೆ ಅಂಚಿನ ಗೆರೆ ಅಷ್ಟು ಚೊಕ್ಕವಾಗಿ ಕಾಣುವುದಿಲ್ಲ.

ತೂಕ ಕೈಕೊಟ್ಟದ್ದು

ಅಂದಿನ ಅವಧಿಗೆ ನಮ್ಮ ಕಾಲೇಜಿನ ಮಾರ್ಗದರ್ಶಕರು ವೀಕ್ಷಣೆಗೆ ಬಂದಿದ್ದರು. ಉಂಡೆ ಒಡೆಯುವ ಮುಂಚೆ ಅದನ್ನು ತೂಗಿಸುವುದೆಂದು ಯೋಜನೆಯಲ್ಲಿ ಬರೆದಿದ್ದೆ. “ಅನಿಲ ಬಂದು ಸೇರಿದೆ, ಆದ್ದರಿಂದ ತೂಕ ಹೆಚ್ಚಬೇಕು” ಎಂದು ಹಲಗೆಯ ಮೇಲೆ ಬರೆದೂ ಆಗಿತ್ತು. ಮೊದಲ ದಿನ 180 ಗ್ರಾಂ ಇದ್ದ ಗೋಣಿಚೀಲದ ಉಂಡೆ ಈಗ 158 ಗ್ರಾಂ ತೋರಿಸಿತು. “ಮಿಸ್, ಕಮ್ಮಿ ಆಗೈತೆ” ಎಂದ ತೂಗಿದವನು. ತಕ್ಕಡಿ ಸರಿಯಿಲ್ಲ ಎಂದು ಹೇಳಿ ಜಾರಿಕೊಳ್ಳುವ ಯೋಚನೆ ಒಂದು ಕ್ಷಣ ಬಂದದ್ದು ನಿಜ. ಬದಲಿಗೆ ಯಾಕಿರಬಹುದು ಎಂದು ಅವರನ್ನೇ ಕೇಳಿದೆ. ಕಲಸುವಾಗ ಹಾಕಿದ ನೀರು ಆರಿದೆ ಎಂದು ಉತ್ತರ ಬರಲು ಎರಡು ನಿಮಿಷ ಬೇಕಾಗಲಿಲ್ಲ. ಇದು ಮನೆಯಲ್ಲೇ ನಾನು ಯೋಚಿಸಬೇಕಾಗಿದ್ದ ವಿಷಯ.

ತಿದ್ದಿದ ಚಟುವಟಿಕೆ ಹೀಗಿದೆ. ಪೊಟ್ಟಣದ 10 ಗ್ರಾಂ ಒಣಸುಣ್ಣವನ್ನು ತಟ್ಟೆಯಲ್ಲಿ ತೆಳ್ಳಗೆ ಹರಡಿ, ಹತ್ತು ದಿನ ನೀರು ಚಿಮುಕಿಸುತ್ತ ಇಟ್ಟು, ಕೊನೆಗೆ ಚೆನ್ನಾಗಿ ಒಣಗಿಸಿ ತೂಗುವುದು. ನಮಗೆ 11.6 ಗ್ರಾಂ ಬಂತು. ಪೂರ್ತಿ ಕ್ರಿಯೆ ನಡೆದಿದ್ದರೆ 13.5 ಗ್ರಾಂ ಬರಬೇಕಿತ್ತು, ಏಕೆಂದರೆ 74 ಭಾಗ ಸುಣ್ಣ 44 ಭಾಗ ಅನಿಲ ಪಡೆದು, 18 ಭಾಗ ನೀರು ಬಿಟ್ಟು, 100 ಭಾಗ ಕಾರ್ಬೋನೇಟ್ ಆಗುತ್ತದೆ. ನಿವ್ವಳ ಹೆಚ್ಚಳ 26. ಈ ಅನುಪಾತದಿಂದ ನಮ್ಮ 1.6 ಗ್ರಾಂ ಹೆಚ್ಚಳಕ್ಕೆ ಸುಮಾರು 2.7 ಗ್ರಾಂ ಕಾರ್ಬನ್ ಡೈಆಕ್ಸೈಡ್ ಸೇರಿದೆ ಎಂದು ಮಕ್ಕಳೇ ಲೆಕ್ಕ ಮಾಡಿದರು. ಸಮೀಕರಣ ಸರಿದೂಗಿಸುವುದನ್ನು ಮೂರು ದಿನ ಹೇಳಿಕೊಟ್ಟಾಗ ಬಾರದ ಆಸಕ್ತಿ ಇಲ್ಲಿ ಬಂತು.

ಸುಣ್ಣ ಎಲ್ಲಿಂದ ಬಂತು?

ಈ ಲೆಕ್ಕ ಹಲಗೆಯ ಮೇಲಿರುವಾಗಲೇ ಎರಡನೇ ಬೆಂಚಿನ ಒಬ್ಬ ಹುಡುಗ ಎದ್ದ. ಅವನ ತಾಯಿಯ ಕಡೆಯವರು ಹಿಂದೆ ಸುಣ್ಣದ ಗೂಡು ಹಾಕುತ್ತಿದ್ದರಂತೆ. “ಮಿಸ್, ಸುಣ್ಣದಕಲ್ಲು ಸುಟ್ರೇ ತಾನೆ ಸುಣ್ಣ ಆಗದು? ಸುಡುವಾಗ ಏನು ಹೋಗ್ತದೆ?”

ನನಗೆ ಉತ್ತರ ಗೊತ್ತಿತ್ತು. ಅದೇ ಅಧ್ಯಾಯದಲ್ಲಿ, ವಿಭಜನ ಕ್ರಿಯೆ ಎಂಬ ಶೀರ್ಷಿಕೆಯ ಕೆಳಗೆ ಇದೆ. ಕ್ಯಾಲ್ಸಿಯಂ ಕಾರ್ಬೋನೇಟ್ ಕಾಸಿದರೆ ಕ್ಯಾಲ್ಸಿಯಂ ಆಕ್ಸೈಡ್, ಕಾರ್ಬನ್ ಡೈಆಕ್ಸೈಡ್. ಗೂಡಿನಲ್ಲಿ ಸುಮಾರು 900 ಡಿಗ್ರಿ ಬಿಸಿಗೆ 100 ಕಿಲೋ ಸುಣ್ಣಕಲ್ಲು 56 ಕಿಲೋ ಸುಟ್ಟಸುಣ್ಣವಾಗಿ, 44 ಕಿಲೋ ಕಾರ್ಬನ್ ಡೈಆಕ್ಸೈಡ್ ಹೊಗೆಯ ಜೊತೆ ಹೊರಟುಹೋಗುತ್ತದೆ. ಆ ಸುಣ್ಣವನ್ನು ಅರಳಿಸಿ ಗೋಡೆಗೆ ಬಳಿದರೆ ವಾಪಸು ಬರುವುದು ಹೆಚ್ಚೆಂದರೆ ಅದೇ 44 ಕಿಲೋ. ಗೂಡಿಗೆ ಹಾಕಿದ ಸೌದೆ, ಇದ್ದಿಲಿನದು ಬೇರೆ ಲೆಕ್ಕ. ಎರಡು ಕ್ರಿಯೆಗಳನ್ನೂ ನಾನು ಬೇರೆ ಬೇರೆ ದಿನ, ಬೇರೆ ಬೇರೆ ಕಲಿಕಾಂಶವಾಗಿ ಓದಿದ್ದೆ, ಬೇರೆ ಬೇರೆಯಾಗಿಯೇ ಪಾಠ ಯೋಜನೆ ಬರೆದಿದ್ದೆ. ಒಂದರ ಪಕ್ಕ ಒಂದು ಇಟ್ಟು ಕೂಡಿ ಕಳೆದಿರಲಿಲ್ಲ.

ಹಲಗೆಯ ಮೇಲೆ ಎರಡೂ ಸಮೀಕರಣ ಬರೆದೆ. ಒಂದರ ಬಲಭಾಗದಲ್ಲಿ ಕಾರ್ಬನ್ ಡೈಆಕ್ಸೈಡ್, ಇನ್ನೊಂದರ ಎಡಭಾಗದಲ್ಲಿ ಅದೇ. ತರಗತಿ ಸ್ವಲ್ಪ ಹೊತ್ತು ಸುಮ್ಮನಿತ್ತು. ಪ್ರಶ್ನೆ ಕೇಳಿದವನೇ ಹೇಳಿದ: “ಹಂಗಾದ್ರೆ ಸಾಲ ತೀರಿಸಿದ್ದನ್ನೇ ಲಾಭ ಅಂದಂಗಾಯ್ತು.” ನಾನು ಹೌದು ಎಂದೆ. “ಮೊದಲ ದಿನ ನಾನು ನಿಮಗೆ ಹೇಳಿದ್ದು ತಪ್ಪು” ಎಂದೂ ಹೇಳಿದೆ. ಮಾರ್ಗದರ್ಶಕರು ಹಿಂದೆ ಕುಳಿತು ಬರೆದುಕೊಳ್ಳುತ್ತಿದ್ದರು, ನನ್ನ ಕಿವಿ ಬಿಸಿಯಾಗಿತ್ತು. ಆದರೆ ನಾನು ನೋಡುತ್ತಿದ್ದುದು ಆ ನಾಲ್ವರು ಹುಡುಗಿಯರ ಮುಖವನ್ನು. ಅವರ ಚಾರ್ಟ್ ಅದೇ ಕೊಠಡಿಯ ಗೋಡೆಯಲ್ಲಿತ್ತು, ಪ್ರದರ್ಶನಕ್ಕೆ ಐದು ದಿನ ಉಳಿದಿತ್ತು.

ಅವಧಿ ಮುಗಿದ ಮೇಲೆ ಅವರು ಚಾರ್ಟ್ ಬಿಚ್ಚಿ ಸುತ್ತಿಡುತ್ತಿದ್ದರು. ಒಬ್ಬಳ ಕಣ್ಣಲ್ಲಿ ನೀರಿತ್ತು. ಇದು ನಿಮ್ಮ ತಪ್ಪಲ್ಲ, ನನ್ನ ಮಾತು ನಂಬಿ ಬರೆದದ್ದು ಎಂದೆ. ಅದರಿಂದ ಹೆಚ್ಚು ಸಮಾಧಾನವಾದಂತೆ ಕಾಣಲಿಲ್ಲ. ಬಿಳಿಗೋಡೆ ಬಿಸಿಲನ್ನು ಹಿಂದಕ್ಕೆ ಕಳಿಸಿ ಮನೆ ತಂಪಾಗಿಡುತ್ತದೆ ಎಂಬುದು ನಿಜ, ಆದರೆ ಅದು ಬೇರೆ ಮಾತು. ಅದನ್ನು ಮುಂದಿಟ್ಟು ನನ್ನ ತಪ್ಪಿಗೆ ತೇಪೆ ಹಾಕಲು ಮನಸ್ಸಾಗಲಿಲ್ಲ.

ನಮ್ಮ ಕಲ್ಲಿಗೆ ಆಗುತ್ತದೆಯೇ?

ಹಾಗಾದರೆ ಅನಿಲವನ್ನು ಕಲ್ಲು ಮಾಡಿ ನಿಜಕ್ಕೂ ಗೆಲ್ಲುವ ದಾರಿ ಇದೆಯೇ? ಮರುದಿನದ ಪಾಠ ಈ ಪ್ರಶ್ನೆಯಿಂದಲೇ ಶುರುವಾಯಿತು. ಗೆಲ್ಲಬೇಕಾದರೆ ಕ್ಯಾಲ್ಸಿಯಂ ಅಥವಾ ಮೆಗ್ನೀಷಿಯಂ ಮೊದಲೇ ಕಾರ್ಬನ್ ಡೈಆಕ್ಸೈಡ್ ಜೊತೆ ಸೇರಿರಬಾರದು. ಸಿಲಿಕಾ ಜೊತೆ ಸೇರಿರುವ ಕಲ್ಲುಗಳಲ್ಲಿ ಅಂಥದ್ದು ಸಿಗುತ್ತದೆ. ಮಕ್ಕಳು ತಮ್ಮ ಊರುಗಳಿಂದ ಕಲ್ಲು ತಂದರು, ಹೆಚ್ಚಿನವು ಕ್ವಾರಿಯ ಜಲ್ಲಿ. ಆಮ್ಲ ಹಾಕಿದರೆ ಒಂದರಲ್ಲೂ ಗುಳ್ಳೆ ಇಲ್ಲ, ಅಂದರೆ ಕಾರ್ಬೋನೇಟ್ ಇಲ್ಲ. ನಮ್ಮ ಜಿಲ್ಲೆಯ ನೆಲದಡಿ ಇರುವುದು ಮುಖ್ಯವಾಗಿ ನೈಸ್ ಮತ್ತು ಗ್ರಾನೈಟ್. ಲಾಲ್‌ಬಾಗ್ ಬಂಡೆಯೂ ಈ ನೈಸ್‌ನದೇ, ವಯಸ್ಸು ಸುಮಾರು 300 ಕೋಟಿ ವರ್ಷ. ಇವುಗಳಲ್ಲಿ ಕ್ವಾರ್ಟ್ಸ್, ಫೆಲ್ಡ್‌ಸ್ಪಾರ್ ಹೆಚ್ಚು, ಬೇಗ ಕರಗಿ ಬರುವ ಕ್ಯಾಲ್ಸಿಯಂ, ಮೆಗ್ನೀಷಿಯಂ ಕಡಿಮೆ. ರಂಧ್ರಗಳೂ ಬಹಳ ಕಡಿಮೆ. ಇಟ್ಟಿಗೆಯ ಹಾಗೆ ಜಲ್ಲಿಯನ್ನೂ ನೆನೆಸಿ ತೂಗಿದಾಗ ನಮ್ಮ ತಕ್ಕಡಿಗೆ ವ್ಯತ್ಯಾಸವೇ ಸಿಗಲಿಲ್ಲ.

ಆಗ ಒಬ್ಬ ವಿದ್ಯಾರ್ಥಿನಿ, “ನಮ್ಮೂರಾಗ ಕಲ್ಲು ಕರ್ರಗ ಅದಾವ್ರಿ ಮಿಸ್, ತೂತು ತೂತು ಇರ್ತಾವ” ಎಂದಳು. ಯಾವ ಊರು ಎಂದರೆ ವಿಜಯಪುರ. ಎಲ್ಲರೂ ದೇವನಹಳ್ಳಿ ತಾಲ್ಲೂಕಿನ ವಿಜಯಪುರ ಎಂದುಕೊಂಡು ನಕ್ಕರು. ಅವಳದು ಉತ್ತರದ ವಿಜಯಪುರ ಜಿಲ್ಲೆ. ತಂದೆತಾಯಿ ಕಟ್ಟಡ ಕೆಲಸಕ್ಕೆಂದು ಇತ್ತ ಬಂದವರು. ಅವಳು ಹೇಳಿದ್ದು ಬಸಾಲ್ಟ್. ಬೆಳಗಾವಿ, ವಿಜಯಪುರ, ಕಲಬುರಗಿ, ಬೀದರ್ ಕಡೆ ಹರಡಿರುವ ದಖನ್ ಲಾವಾದ ಕಲ್ಲು. ಲಾವಾ ತಣಿಯುವಾಗ ಉಳಿದ ಗುಳ್ಳೆಗಳೇ ಆ ತೂತುಗಳು. ಎಷ್ಟೋ ಕಡೆ ನೀರು ಹರಿದು ಆ ತೂತುಗಳಲ್ಲಿ ಬಿಳಿಯ ಕ್ಯಾಲ್ಸೈಟ್ ತುಂಬಿಕೊಂಡಿರುತ್ತದೆ. ಅಂದರೆ ನಮ್ಮ ಉಂಡೆಯಲ್ಲಿ ನಡೆದ ಕೆಲಸವನ್ನು ಅಲ್ಲಿ ಪ್ರಕೃತಿ ಗೂಡು ಹಾಕದೆ, ಸುಣ್ಣ ಸುಡದೆ ಮಾಡಿದೆ. ಬಹುತೇಕ ಸುಮ್ಮನಿರುತ್ತಿದ್ದ ಆ ಹುಡುಗಿ ಅಂದು ಹಲಗೆಯ ಬಳಿ ಬಂದು ತನ್ನೂರ ಕಲ್ಲಿನ ಚಿತ್ರ ಬರೆದಳು.

ಐಸ್‌ಲ್ಯಾಂಡ್‌ನಲ್ಲಿ ಇದನ್ನೇ ಬೇಕೆಂದು ಮಾಡುತ್ತಾರೆ ಎಂದು ಹೇಳಿದೆ. ಅಲ್ಲಿನ ಹೆಲ್ಲಿಶೈದಿ ಭೂಶಾಖ ವಿದ್ಯುತ್ ಸ್ಥಾವರದ ಹತ್ತಿರ ಕಾರ್ಬ್‌ಫಿಕ್ಸ್ ಎಂಬ ಯೋಜನೆಯಲ್ಲಿ, 2012ರಲ್ಲಿ, ಕಾರ್ಬನ್ ಡೈಆಕ್ಸೈಡನ್ನು ನೀರಲ್ಲಿ ಕರಗಿಸಿ ಬಸಾಲ್ಟ್ ಪದರಕ್ಕೆ ಇಳಿಸಿದರು. ಎರಡು ವರ್ಷದೊಳಗೆ ಅದರ 95%ಕ್ಕಿಂತ ಹೆಚ್ಚು ಭಾಗ ಕಾರ್ಬೋನೇಟ್ ಆಗಿ ರಂಧ್ರಗಳಲ್ಲಿ ನಿಂತಿತ್ತು ಎಂದು 2016ರಲ್ಲಿ ಪ್ರಕಟಿಸಿದರು. ಸೋಡಾ ಬಾಟಲಿಯನ್ನು ಕಲ್ಲಿಗೆ ಕುಡಿಸಿದ ಹಾಗೆ ಎಂಬ ಹೋಲಿಕೆ ನನ್ನದು, ಮಕ್ಕಳಿಗೆ ಇಡ್ಲಿಯಷ್ಟು ರುಚಿಸಲಿಲ್ಲ.

ಹತ್ತಿರದ ಉದಾಹರಣೆಯೂ ಇದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸುಸ್ಥಿರ ತಂತ್ರಜ್ಞಾನ ಕೇಂದ್ರದಲ್ಲಿ ಸೌರದೀಪ್ ಗುಪ್ತ ಅವರ ತಂಡ, ಪಾಯ ತೋಡುವಾಗ ಬರುವ ಮಣ್ಣಿಗೆ ಕಾರ್ಬನ್ ಡೈಆಕ್ಸೈಡ್ ಹಾಯಿಸಿ, ಗಾರೆಯಲ್ಲಿ ಮರಳಿನ ಒಂದು ಪಾಲಿಗೆ ಬದಲಾಗಿ ಬಳಸುವುದನ್ನು ಪರೀಕ್ಷಿಸಿದೆ. ಹುಟ್ಟುವ ಕ್ಯಾಲ್ಸಿಯಂ ಕಾರ್ಬೋನೇಟ್ ಹರಳು ರಂಧ್ರಗಳನ್ನು ಕಡಿಮೆ ಮಾಡಿ ಬಲ ಹೆಚ್ಚಿಸುತ್ತದೆ. ವಿಮಾನ ನಿಲ್ದಾಣದ ಸುತ್ತ ದಿನವೂ ಮಣ್ಣು ತುಂಬಿದ ಟಿಪ್ಪರ್ ನೋಡುವ ಮಕ್ಕಳಿಗೆ ಇದು ಬೇಗ ಅರ್ಥವಾಯಿತು. ಸಿಮೆಂಟೂ ಸುಣ್ಣಕಲ್ಲು ಸುಟ್ಟೇ ಬರುವುದು, ಅಲ್ಲೂ ಸಾಲದ ಲೆಕ್ಕ ನೋಡಬೇಕು ಎಂದು ಈ ಬಾರಿ ನಾನು ಹೇಳುವ ಮುಂಚೆ ಅವರೇ ಹೇಳಿದರು. ಕಬ್ಬಿಣ ಹಾಕಿದ ಕಾಂಕ್ರೀಟಿನೊಳಗೆ ಇದೇ ಕ್ರಿಯೆ ಆಳಕ್ಕಿಳಿದರೆ ಕ್ಷಾರಗುಣ ಇಳಿದು ಕಬ್ಬಿಣ ತುಕ್ಕು ಹಿಡಿಯುತ್ತದೆ ಎಂಬುದನ್ನು ಒಂದೇ ವಾಕ್ಯದಲ್ಲಿ ಹೇಳಿ ಮುಂದೆ ಹೋದೆ. ಅದಕ್ಕೆ ಇನ್ನೊಂದು ಅವಧಿಯೇ ಬೇಕು.

ಮಾರ್ಗದರ್ಶಕರ ವೀಕ್ಷಣಾ ಟಿಪ್ಪಣಿಯಲ್ಲಿ ಎರಡು ಸಾಲಿತ್ತು. ‘ವಿಷಯಜ್ಞಾನ: ಸಿದ್ಧತೆ ಸಾಲದು. ಪ್ರಶ್ನೆ ಸ್ವೀಕರಿಸಿದ ರೀತಿ: ಉತ್ತಮ.’ ಮೊದಲನೆಯದಕ್ಕೆ ಅಂಕ ಹೋಯಿತು, ಅದು ಸರಿಯೇ. ಮುಂದೆ ಈ ಕಲಿಕಾಂಶಕ್ಕೆ ಪಾಠ ಯೋಜನೆ ಬರೆಯುವವರು ಸಂಯೋಗ, ವಿಭಜನೆ ಎರಡನ್ನೂ ಒಂದೇ ಘಟಕವಾಗಿ ತೆಗೆದುಕೊಂಡರೆ ಒಂದು ಅವಧಿ ಹೆಚ್ಚು ಬೇಕಾಗುತ್ತದೆ. ನಮ್ಮ ತಂಡದ ವೇಳಾಪಟ್ಟಿಯಲ್ಲಿ ಅದಕ್ಕೆ ಜಾಗವಿರಲಿಲ್ಲ, ಆಟದ ಅವಧಿಯನ್ನು ಬೇಡಿ ಪಡೆದೆವು.

ಹುಡುಗಿಯರು ಪ್ರದರ್ಶನಕ್ಕೆ ಹೋದರು. ಚಾರ್ಟ್ ಹಳೆಯದೇ. ‘ಸುಣ್ಣ ಬಳಿಯಿರಿ, ಭೂಮಿ ಉಳಿಸಿ’ ಎಂಬುದರ ಕೊನೆಗೆ ದೊಡ್ಡ ಪ್ರಶ್ನಾರ್ಥಕ ಚಿಹ್ನೆ ಹಾಕಿ, ಕೆಳಗೆ ಎರಡು ಕಾಲಂ ಬರೆದಿದ್ದರು: ‘ಗೂಡಿನಲ್ಲಿ ಹೋದದ್ದು 44’, ‘ಗೋಡೆಗೆ ಬಂದದ್ದು 44’, ಅದರ ಕೆಳಗೆ ‘ಸೌದೆಯದು ಬೇರೆ’. ಒಡೆದ ಉಂಡೆಗಳನ್ನು ಗುಲಾಬಿ ಬಣ್ಣದ ಸಮೇತ ಮುಂದಿಟ್ಟಿದ್ದರು. ಬಹುಮಾನ ಬರಲಿಲ್ಲ, ಆದರೆ ಅವರ ಮೇಜಿನ ಮುಂದೆ ಜನ ನಿಂತಿದ್ದರು.

ಒಡೆಯದ ಆರು ಉಂಡೆ ಇನ್ನೂ ಶಾಲೆಯಲ್ಲಿವೆ. ಗೋಣಿಚೀಲದ ಅಡಿಯ ಎರಡಕ್ಕೆ ಒಂಬತ್ತನೇ ತರಗತಿಯವರು ನೀರು ಚಿಮುಕಿಸುತ್ತಿದ್ದಾರೆ. ಕಟ್ಟಿದ ದಿನಾಂಕವನ್ನು ಚೀಟಿಯಲ್ಲಿ ಬರೆದು ಅಂಟಿಸಿದ್ದೇವೆ. ಹನ್ನೆರಡು ವಾರಕ್ಕೆ ಅಂಚು ಆರು ಮಿಲಿಮೀಟರ್ ಇರಬೇಕೆಂದು ಹತ್ತನೇ ತರಗತಿಯವರು ಲೆಕ್ಕ ಹಾಕಿ, ಅದೇ ಚೀಟಿಯ ಹಿಂದೆ ಬರೆದಿದ್ದಾರೆ. ಮುಂದಿನ ತಂಡದಲ್ಲಿ ಆ ಶಾಲೆಗೆ ಹೋಗುವವರು ಒಡೆದು ಅಳೆದು ತಿಳಿಸಬೇಕು.